ಕಡೇ ಪಂಕ್ತಿಗೆ ಇರಲಿ

ಯಾವ ಮನೆಯ ಜಗಲಿ ಹತ್ತಿದರೂ ನನಗೆ ಮೊದಲು ಒಂದು ಪರೀಕ್ಷೆ ಕಾದಿರುತ್ತಿತ್ತು. "ನೀವು ಡಾಕ್ಟ್ರಾ?" ಅಲ್ಲ. "ನರ್ಸಾ?" ಅಲ್ಲ. "ಇಂಜೆಕ್ಷನ್ ಕೊಡ್ತ್ರಾ?" ಕೊಡುವುದಿಲ್ಲ. "ಸರ್ಕಾರದಿಂದ ಏನಾದ್ರೂ ಬತ್ತಾ?" ಬರುವುದಿಲ್ಲ. "ಮತ್ತೆ ಎಂತಕ್ಕೆ ಬಂದದ್ದು?" ಇಷ್ಟೆಲ್ಲ ಆದ ಮೇಲೆ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ನಪಾಸಾದವರಿಗೂ ಬೆಲ್ಲ ಕೊಡುವ ಊರು ನಮ್ಮದು, ಆ ಮಾತು ಬೇರೆ.

ತೊಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾನು ಶಿರಸಿಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೆ. ಹುಬ್ಬಳ್ಳಿ ಕಡೆಯ ದೊಡ್ಡ ಆಸ್ಪತ್ರೆಗಳು "ಇನ್ನು ಮನೆಗೆ ಕರಕೊಂಡು ಹೋಗಿ" ಎಂದು ಕೈಬಿಟ್ಟ ರೋಗಿಗಳ ಮನೆಗೆ ಹೋಗುವುದು ನನ್ನ ಕೆಲಸ. ಅವರಿಗೆ ನೋವಿದೆಯೇ, ನಿದ್ದೆ ಬರುತ್ತದೆಯೇ, ನೋಡಿಕೊಳ್ಳುವವರು ಊಟ ಮಾಡುತ್ತಿದ್ದಾರೆಯೇ, ಮನೆಯವರು ಹೇಳಲಾಗದ್ದು ಏನು, ರೋಗಿ ಕೇಳಲಾಗದ್ದು ಏನು ಎಂದು ತಿಳಿದುಕೊಂಡು ಬಂದು ಡಾಕ್ಟರಿಗೆ ಹೇಳುವುದು, ಡಾಕ್ಟರು ಹೇಳಿದ್ದನ್ನು ಮನೆಯವರಿಗೆ ಅರ್ಥ ಮಾಡಿಸುವುದು. ಇದಕ್ಕೆ ಸಂಬಳ ಕೊಡುತ್ತಾರೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಕೊನೆಗೆ ಜನ ಅವರೇ ಒಂದು ತೀರ್ಮಾನಕ್ಕೆ ಬಂದು, ಶಾಲೆಯ ಟೀಚರುಗಳನ್ನು ಕರೆಯುವ ಹಾಗೆ ನನ್ನನ್ನೂ "ಅಕ್ಕೋರು" ಎಂದು ಕರೆಯತೊಡಗಿದರು. ದಾಸನಕೊಪ್ಪದ ನಮ್ಮ ಮನೆಯಲ್ಲಿ ಅವ್ವನಿಗೆ ಅದರಿಂದಲೂ ಸಮಾಧಾನವಿರಲಿಲ್ಲ. "ಸಾಯೋರ ಮನಿಗೆ ಹೋಗೂ ನೌಕರಿ ಅಂತ ಯಾರ ಮುಂದೂ ಹೇಳಬ್ಯಾಡ ನಮ್ಮವ್ವ, ದವಾಖಾನ್ಯಾಗ ಅದೀನಿ ಅನ್ನು ಸಾಕು" ಎನ್ನುತ್ತಿದ್ದಳು.

ಆ ವರ್ಷಗಳಲ್ಲಿ ನಾನು ಹೋದ ಮನೆಗಳಲ್ಲಿ ಒಂದು ಮನೆ ಮಾತ್ರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅದು ಇಸಳೂರಿನಲ್ಲಿದ್ದ ಅಡುಗೆ ಭಟ್ಟರ ಮನೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲ್ಲೂಕಿನ ಮದುವೆ ಮುಂಜಿಗಳಿಗೆ ಅಡುಗೆ ಮಾಡಿದವರು ಅವರು. ಜೀವನವೆಲ್ಲ ಬೇರೆಯವರ ಚಪ್ಪರದ ಹಿಂದೆ, ಒಲೆಯ ಮುಂದೆ ನಿಂತು, ಕಡೆಗೆ ಇಸಳೂರಿನಲ್ಲಿ ಒಂದು ಪುಟ್ಟ ತಾರಸಿ ಮನೆ ಕಟ್ಟಿಕೊಂಡಿದ್ದರು. ಗೃಹಪ್ರವೇಶವಾಗಿ ಹೆಚ್ಚು ದಿನ ಕಳೆಯುವ ಮೊದಲೇ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ನಾನು ಮೊದಲ ಸಲ ಹೋಗುವ ಹೊತ್ತಿಗೆ ಅದು ಬೆನ್ನುಮೂಳೆಗೆ ಹಬ್ಬಿತ್ತು. ಮಗ್ಗುಲಾಗಿ ಮಲಗಿದರೆ ಹೇಗೋ ತಡೆಯುತ್ತಿತ್ತು, ಎದ್ದು ಕೂತರೆ ಬೆನ್ನು ಸೀಳಿದ ಹಾಗೆ ನೋವು. ಆ ಸ್ಥಿತಿಯಲ್ಲೂ ಅವರು ನನ್ನನ್ನು ಪರೀಕ್ಷೆ ಮಾಡಲಿಲ್ಲ. ಕೇಳಿದ್ದು ಒಂದೇ ಮಾತು.

"ಊಟ ಆತಾ ತಂಗಿ?"

ಆಗಿರಲಿಲ್ಲ. ಆಗಿದೆ ಎಂದೆ. ಅವರು ನನ್ನ ಮುಖ ನೋಡಿ, "ಸುಳ್ಳು ಹೇಳಡ, ಉಂಡವರ ಮುಖ ಯಂಗೆ ಗೊತ್ತಾಗ್ತು" ಎಂದು ಹೆಂಡತಿಯನ್ನು ಕೂಗಿದರು. ಹೆಂಡತಿ ತೆಳ್ಳಗಿನ, ಹೆಚ್ಚು ಮಾತಿಲ್ಲದ ಹೆಂಗಸು. ಗಂಡ ಅಡುಗೆಗೆ ಹೋದಲ್ಲೆಲ್ಲ ಜೊತೆಗೆ ಹೋಗಿ ತರಕಾರಿ ಹೆಚ್ಚಿ, ಕಾಯಿ ತುರಿದು ಕೊಟ್ಟವರು. ಜಗಲಿಯಲ್ಲೇ ನನಗೆ ಎಲೆ ಹಾಕಿದರು. ಮಲಗಿದಲ್ಲಿಂದಲೇ ಭಟ್ಟರು ವಾಸನೆ ಎಳೆದು, "ಸಾರಿಗೆ ಇಂಗು ಜಾಸ್ತಿ ಆಜು" ಎಂದು ತಪ್ಪು ಹುಡುಕಿದರು. ಹೆಂಡತಿ "ಹೌದು, ಆಜು, ನಿಂಗ ಎದ್ದು ಬಂದು ಮಾಡಿ" ಎಂದರು. ಇಬ್ಬರೂ ನಕ್ಕರು.

ಊಟದ ನಡುವೆ ಅವರು ತಮ್ಮ ಕಸುಬಿನ ಮಾತು ತೆಗೆದರು. ಅವರಿಗೆ ಒಂದು ನೇಮವಿತ್ತು. ಎಷ್ಟು ದೊಡ್ಡ ಮದುವೆಯಾಗಲಿ, ಎಷ್ಟು ಜನ ನುಗ್ಗಿ ಬರಲಿ, ಹೋಳಿಗೆಯೋ ಜಿಲೇಬಿಯೋ ಒಂದು ಪಾತ್ರೆ ತುಂಬ ತೆಗೆದು, ಬಾಳೆಎಲೆ ಮುಚ್ಚಿ ಮೂಲೆಯಲ್ಲಿ ಇಟ್ಟುಬಿಡುವುದು. ಯಜಮಾನನೇ ಬಂದು ಕೇಳಿದರೂ ಕೊಡುವುದಿಲ್ಲ. ಸಿದ್ದಾಪುರದ ಕಡೆಯ ಒಂದು ಮದುವೆಯಲ್ಲಿ ಬೀಗರಿಗೇ ಇಲ್ಲ ಎಂದು ಜಗಳವೇ ಆಗಿತ್ತಂತೆ.

"ಕಡೇ ಪಂಕ್ತಿಗೆ ಕೂರದು ಯಾರು ಹೇಳು ತಂಗಿ? ಬಡ್ಸಿದವು, ಎಲೆ ತೆಗೆದವು, ಪಾತ್ರೆ ತೊಳೆದವು. ದಿನವಿಡೀ ದುಡಿದು ಬಂದು ಕೂತವಕ್ಕೆ ಹೋಳಿಗೆ ಖಾಲಿ ಹೇಳಿ ಹೇಳ್ಲಾಗ. ಹಾಂಗೆ ಹೇಳ್ದವ ಅಡುಗೆಯವನೇ ಅಲ್ಲ."

"ನಿಮ್ಗೇನ್ ಬೇಕ್ರಿ ಭಟ್ರ?" ಎಂದು ಕೇಳಿದೆ. ಇದು ನಾನು ಎಲ್ಲ ಮನೆಯಲ್ಲೂ ಕೇಳುತ್ತಿದ್ದ ಪ್ರಶ್ನೆ. ಧರ್ಮಸ್ಥಳಕ್ಕೆ ಹೋಗಬೇಕು ಎನ್ನುವವರಿದ್ದರು, ತಮ್ಮನನ್ನು ಕರೆಸಿ ಎನ್ನುವವರಿದ್ದರು. ಭಟ್ಟರು ಸ್ವಲ್ಪ ನಾಚಿಕೊಂಡರು. ಜನ್ಮದಲ್ಲಿ ತಾವು ಗಂಡ ಹೆಂಡತಿ ಒಟ್ಟಿಗೆ ಎಲೆ ಹಾಕಿಕೊಂಡು ಊಟ ಮಾಡಿದ್ದೇ ಇಲ್ಲ ಎಂದರು. ಚಪ್ಪರದಲ್ಲಿ ನಿಂತು ಉಂಡದ್ದು, ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಉಂಡದ್ದು. "ಬೆನ್ನು ಸೆಟೆಸ್ಕಂಡು, ಮಣೆ ಮೇಲೆ ಕೂತ್ಕಂಡು, ಇದರ ಜೊತಿಗೆ ಒಂದು ಊಟ ಉಣ್ಣವು ಹೇಳಿ ಆಸೆ. ಬಿಸಿ ಅನ್ನ, ಅಪ್ಪೆಹುಳಿ, ಅಷ್ಟೇಯ."

ನಾನು ಭಾಷೆ ಕೊಟ್ಟುಬಿಟ್ಟೆ. ಕೊಡದೆ ಏನು ಮಾಡಲಿ? ಅವರು ಕೇಳಿದ್ದು ಆಯುಷ್ಯವಲ್ಲ, ಒಂದು ಊಟದ ಹೊತ್ತು ನೋವಿಲ್ಲದೆ ಕೂರುವುದು. ಅದಕ್ಕೆ ಬೇಕಾದ ಮದ್ದು ಜಗತ್ತಿನಲ್ಲಿ ಇತ್ತು. ಮಾರ್ಫಿನ್ ಎನ್ನುವ ಸಣ್ಣ ಮಾತ್ರೆ. ಶಿರಸಿಯಲ್ಲಿ ಮಾತ್ರ ಇರಲಿಲ್ಲ.

ಏಕೆ ಇರಲಿಲ್ಲ ಎಂದು ಹೇಳಲು ಹೊರಟರೆ ನನಗೆ ಈಗಲೂ ಮೈ ಉರಿಯುತ್ತದೆ. ಅದು ಅಫೀಮಿನಿಂದ ಮಾಡುವ ಮದ್ದು, ಹಾಗಾಗಿ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಲು ಪರವಾನಗಿ ಬೇಕು. ಪರವಾನಗಿಗೆ ಒಂದು ಕಚೇರಿಯವರು ಬಂದು ಕಪಾಟು ನೋಡಬೇಕು, ಇನ್ನೊಂದು ಕಚೇರಿಯವರು ಬೀಗ ನೋಡಬೇಕು, ಮತ್ತೊಬ್ಬರು ಇಬ್ಬರೂ ನೋಡಿದ್ದಾರೆಯೇ ಎಂದು ನೋಡಬೇಕು. ನಮ್ಮ ಡಾಕ್ಟರು ಸಜ್ಜನ, ಆದರೆ ಕಚೇರಿ ಅಲೆಯುವ ಕೆಲಸ ಅವರಿಂದಾಗದು. ಅದು ನನ್ನ ಪಾಲಿಗೆ ಬಂತು. ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಸಾಹೇಬರು ಕ್ಯಾಂಪಿನಲ್ಲಿದ್ದಾರೆ. ಸಾಹೇಬರು ಈಗಷ್ಟೇ ಊಟಕ್ಕೆ ಹೋದರು. ಒಬ್ಬ ಗುಮಾಸ್ತನಂತೂ ಪಕ್ಕದ ಮೇಜಿನವನಿಗೆ ಕಣ್ಣು ಹೊಡೆದು, "ಈ ಅಕ್ಕೋರಿಗೆ ಅಫೀಮು ಬೇಕಂತೆ ಮಾರಾಯಾ" ಎಂದ. ನಾನು ಸುಮ್ಮನಿರಲಿಲ್ಲ. "ನಿಮ್ಮ ಮನಿಯಾಗ ಯಾರರೆ ಹಿಂಗ ಒದ್ದಾಡಿದ್ರ ಹಿಂಗ ನಗ್ತೀರೇನ್ರಿ?" ಎಂದು ಜೋರಾಗಿಯೇ ಕೇಳಿದೆ. ಅವನ ನಗು ನಿಂತಿತು, ಜೊತೆಗೆ ನಮ್ಮ ಫೈಲೂ ನಿಂತಿತು.

ಅದೇ ಹೊತ್ತಿಗೆ ಇಸಳೂರಿನಲ್ಲಿ ಭಟ್ಟರು ಮೂರು ಹೊತ್ತೂ ಮಗ್ಗುಲಾಗಿ ಮಲಗಿ, ಮಂಚದ ಪಟ್ಟಿ ಹಿಡಿದುಕೊಂಡು ನನ್ನ ದಾರಿ ಕಾಯುತ್ತಿದ್ದರು. ನಾನು ಹೋದಾಗಲೆಲ್ಲ "ಬಂತಾ ತಂಗಿ?" ಎನ್ನುವರು. ಬಂದಿಲ್ಲ ಎಂದಾಗ ನನಗೇ ಸಮಾಧಾನ ಹೇಳುವರು. ಕಚೇರಿಯ ಕಥೆಗಳನ್ನು ಒಂದೊಂದಾಗಿ ಕೇಳಿ ನಗುವರು. "ಇಷ್ಟು ಕಷ್ಟಪಟ್ಟು ತರ್ಸ ಮದ್ದು ಎಂಥ ದೊಡ್ಡ ಮದ್ದಿರವು" ಎಂದು ಒಮ್ಮೆ ಹೆಂಡತಿಗೆ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಅಂತೂ ಒಂದು ದಿನ ಪರವಾನಗಿಯೂ ಬಂತು, ಮದ್ದೂ ಬಂತು. ಡಾಕ್ಟರೇ ನನ್ನ ಜೊತೆ ಸ್ಕೂಟರಿನಲ್ಲಿ ಇಸಳೂರಿಗೆ ಬಂದು, ಮಾತ್ರೆಗಳ ಸಣ್ಣ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟರು. "ನಾಲ್ಕು ತಾಸಿಗೊಂದು. ನೋವು ಬರಲಿ ಎಂದು ಕಾಯಬೇಡಿ, ಹೊತ್ತು ಹೊತ್ತಿಗೆ ಕೊಡಬೇಕು. ಇದಕ್ಕಿಂತ ದೊಡ್ಡ ಮದ್ದು ನಮ್ಮ ಹತ್ತಿರ ಇಲ್ಲ" ಎಂದರು. ಅವರು ಹೊರಟ ಮೇಲೆ ನಾನು ಕೂತು ಎಲ್ಲವನ್ನೂ ಮತ್ತೊಮ್ಮೆ ಹೇಳಿದೆ. ಉಳಿದ ಮಾತ್ರೆಗಳನ್ನು ಆಮೇಲೆ ಆಸ್ಪತ್ರೆಗೆ ತಂದುಕೊಡಬೇಕು, ಇದು ಕಾನೂನು ಎಂದೂ ಹೇಳಿದೆ. ಹೆಂಡತಿ ತಲೆಯಾಡಿಸಿ, ಡಬ್ಬಿಯನ್ನು ದೇವರ ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದು, ಒಳಗೆ ಅಡುಗೆಮನೆಯ ನಾಗಂದಿಗೆಯ ಹಲಗೆಯ ಮೇಲೆ ಇಟ್ಟು ಬಂದರು.

ಒಂದು ವಾರದೊಳಗೆ ಭಟ್ಟರು ಮಣೆಯ ಮೇಲೆ ಕೂರುತ್ತಾರೆ ಎಂದು ನಾನು ಎಣಿಸಿದ್ದೆ. ಅಪ್ಪೆಹುಳಿಗೆ ಮಾವಿನಕಾಯಿ ಎಲ್ಲಿ ಸಿಗಬಹುದು ಎಂದು ಪೇಟೆಯಲ್ಲಿ ವಿಚಾರಿಸಿಯೂ ಇಟ್ಟಿದ್ದೆ.

ಮುಂದಿನ ಸಲ ಹೋದೆ. "ಹೆಂಗದ ಭಟ್ರ ನೋವು?"

"ಅಡ್ಡಿಲ್ಲೆ."

ಶಿರಸಿ ಸೀಮೆಯಲ್ಲಿ ಕೆಲಸ ಮಾಡುವವರನ್ನು ಹುಚ್ಚು ಹಿಡಿಸಲು ಈ ಒಂದು ಶಬ್ದ ಸಾಕು. ಅಡ್ಡಿಲ್ಲೆ. ಮದುವೆ ಹೇಗಾಯಿತು? ಅಡ್ಡಿಲ್ಲೆ. ಮಗ ಫೇಲಾದನಂತೆ? ಅಡ್ಡಿಲ್ಲೆ. ಕಾಲು ಮುರಿದಿದೆಯಲ್ಲ? ಅಡ್ಡಿಲ್ಲೆ. ಚೆನ್ನಾಗಿದೆ ಎಂದೂ ಅಲ್ಲ, ಚೆನ್ನಾಗಿಲ್ಲ ಎಂದೂ ಅಲ್ಲ. ಎದುರಿನವರಿಗೆ ತೊಂದರೆ ಕೊಡಬಾರದು ಎಂದು ಹುಟ್ಟಿನಿಂದ ಕಲಿತ ಜನ ಬಾಯಿಗೆ ಹಾಕಿಕೊಳ್ಳುವ ಚಿಲಕ ಅದು. ಭಟ್ಟರು ಅಡ್ಡಿಲ್ಲೆ ಎನ್ನುತ್ತಿದ್ದಾಗಲೂ ಅವರ ಬೆರಳುಗಳು ಮಂಚದ ಪಟ್ಟಿಯನ್ನು ಬಿಟ್ಟಿರಲಿಲ್ಲ.

"ಮಾತ್ರೆ ತಗೊಂಡ್ರಿಲ್ಲೋ?"

"ತಗಂಡಿದ್ದೆ, ತಗಂಡಿದ್ದೆ."

"ಸ್ವಲ್ಪ ಎದ್ದು ಕೂರ್ರಿ ನೋಡೋಣು."

ಹೆಂಡತಿಯೂ ನಾನೂ ಹಿಡಿದು ಎಬ್ಬಿಸಿದೆವು. ಅರ್ಧಕ್ಕೆ ಬರುವಷ್ಟರಲ್ಲಿ ಅವರ ಮುಖದ ರಕ್ತ ಇಳಿದುಹೋಯಿತು. "ಇವತ್ತು ಬೇಡ ತಂಗಿ, ಇನ್ನೊಂದಿನ ನೋಡನ" ಎಂದರು.

ನಾನು ಸಿಟ್ಟಿನಲ್ಲಿ ಆಸ್ಪತ್ರೆಗೆ ಬಂದು ಡಾಕ್ಟರ ಮೇಲೆ ಹಾರಿದೆ. ನಿಮ್ಮ ಮಾತ್ರೆಗೆ ಶಕ್ತಿಯೇ ಇಲ್ಲ ಎಂದೆ. ಅವರು ಪ್ರಮಾಣ ಹೆಚ್ಚಿಸಿ ಇನ್ನಷ್ಟು ಮಾತ್ರೆ ಕೊಟ್ಟರು. ಒಯ್ದು ಕೊಟ್ಟೆ. ಮತ್ತೆ ಅಡ್ಡಿಲ್ಲೆ. ಮತ್ತೆ ಡಾಕ್ಟರ ಹತ್ತಿರ ಜಗಳ. ಅವರು ತಲೆ ಕೆರೆದುಕೊಂಡು, "ಈ ಮಾತ್ರೆ ತಗೊಂಡವರಿಗೆ ಹೊಟ್ಟೆ ಕಟ್ಟುತ್ತದೆ, ತೂಕಡಿಕೆ ಬರುತ್ತದೆ. ಇವರಿಗೆ ಎರಡೂ ಇಲ್ಲವಲ್ಲ, ವಿಚಿತ್ರ" ಎಂದರು. ಅಡುಗೆಯವರ ಹೊಟ್ಟೆ, ಗಟ್ಟಿ ಇರುತ್ತದೆ ಎಂದು ನಾನೇ ಏನೋ ಹೇಳಿದೆ.

ಮಾತ್ರೆ ಎಷ್ಟು ಉಳಿದಿದೆ ಎಂದು ಹೆಂಡತಿಯನ್ನು ಕೇಳುತ್ತಿರಲಿಲ್ಲವೇ ಎಂದರೆ, ಕೇಳುತ್ತಿದ್ದೆ. "ಇದ್ದು, ಆದ್ರೂ ಇನ್ನೊಂಚೂರು ಕೊಟ್ಟಿರು, ಕಡಿಮೆ ಬಪ್ಪಲಾಗ" ಎನ್ನುತ್ತಿದ್ದರು. ಸಾಹೇಬರು ಯಾವಾಗ ಮತ್ತೆ ಕ್ಯಾಂಪಿಗೆ ಹೋಗುತ್ತಾರೋ ಎಂಬ ಭಯ ನನಗೂ ಇತ್ತು, ಆ ಮಾತು ನನಗೆ ಸರಿಯಾಗಿಯೇ ಕಂಡಿತು. ಕಣ್ಣಾರೆ ನೋಡುವುದು ಸಾಧ್ಯವಿರಲಿಲ್ಲ. ಡಬ್ಬಿ ಇದ್ದದ್ದು ಅಡುಗೆಮನೆಯಲ್ಲಿ, ನಾನು ಹೊರಗಿನ ಜಾತಿಯವಳು. ಭಟ್ಟರು ಒಳ್ಳೆಯವರು, ಅವರ ಹೆಂಡತಿ ಇನ್ನೂ ಒಳ್ಳೆಯವರು, ನನಗೆ ಎಷ್ಟೋ ಸಲ ಊಟ ಹಾಕಿದವರು. ಆದರೆ ಅಡುಗೆಮನೆಯ ಹೊಸಿಲು ಹೊಸಿಲೇ. ದಾಟಿ ಬಾ ಎಂದು ಅವರು ಹೇಳಲಿಲ್ಲ, ದಾಟುತ್ತೇನೆ ಎಂದು ನಾನು ಕೇಳಲಿಲ್ಲ. ಆ ಕಾಲದಲ್ಲಿ ಅದನ್ನು ಯಾರೂ ಅವಮಾನವೆಂದು ಹೇಳಿಕೊಳ್ಳುತ್ತಿರಲಿಲ್ಲ. ನನಗೆ ಮಾತ್ರ ಪ್ರತಿ ಸಲವೂ ಚುಚ್ಚುತ್ತಿತ್ತು.

ಇದರ ನಡುವೆ ರೋಗಿಯನ್ನು ನೋಡಲು ಬರುವವರ ಕಾಟ. ಎಳನೀರು ಹಿಡಿದುಕೊಂಡು ಬರುವರು, ಉಪದೇಶ ಕೊಟ್ಟು ಹೋಗುವರು. ಒಂದು ದಿನ ಕೋಲಸಿರ್ಸಿಯಿಂದ ಹೆಂಡತಿಯ ಅಣ್ಣ ಬಂದಿದ್ದರು. ಜಗಲಿಯಲ್ಲಿ ಕೂತು ತಂಬಾಕಿನ ಕವಳ ಹಾಕುತ್ತ ತಂಗಿಗೆ ಹೇಳುತ್ತಿದ್ದರು: "ಅದು ಅಫೀಮಡ. ಒಂದ್ಸಲ ಹಿಡ್ದತ್ತು ಹೇಳಾದ್ರೆ ಬಿಡ್ತಿಲ್ಲೆ. ಸುಮ್ಸುಮ್ನೆ ಕೊಡಡ."

ನನಗೆ ತಡೆಯಲಾಗಲಿಲ್ಲ. "ಬಿಡೂದು ಯಾಕ್ರಿ ಬೇಕು? ಬಿಟ್ಟು ಅವ್ರು ಎಲ್ಲಿಗೆ ಹೋಗೂದೈತಿ? ನೀವು ಬಾಯಾಗಿಂದ ಆ ತಂಬಾಕು ಬಿಡ್ರಿ ಮೊದ್ಲ."

ಒಳಗಿನಿಂದ ಭಟ್ಟರ ನಗು ಕೇಳಿಸಿತು. "ಭಾವಾ, ತಂಗಿ ಹೇಳದು ಸರಿ ಇದ್ದು!" ನಕ್ಕಿದ್ದಕ್ಕೇ ನೋವಾಗಿ ನಗು ಅರ್ಧಕ್ಕೆ ನಿಂತಿತು. ನಾನು ಒಳಗೆ ಹೋಗಿ ಅವರ ಪಕ್ಕದಲ್ಲಿ ಕೂತೆ. "ಭಟ್ರ, ಖರೇ ಹೇಳ್ರಿ, ಮಾತ್ರೆ ತಗೊಳ್ಳಾಕತ್ತೀರಿಲ್ಲೋ?" ಎಂದು ಮತ್ತೆ ಕೇಳಿದೆ. ಅವರು ನನ್ನ ಕೈ ತಟ್ಟಿದರು. "ತಗತ್ತೆ ಮಾರಾಯ್ತಿ. ನೀ ಇಷ್ಟು ಓಡಾಡಿ ತಂದದ್ದು, ತಗಳದೇ ಇರ್ತ್ನಾ?" ಎಂದರು. ಉಂಡವರ ಮುಖ ಗುರುತಿಸುವ ವಿದ್ಯೆ ಅವರಿಗಿತ್ತು, ನನಗಿರಲಿಲ್ಲ.

ಆ ಊಟ ಆಗಲೇ ಇಲ್ಲ. ಒಂದು ಬೆಳಿಗ್ಗೆ ನಾನು ಯಲ್ಲಾಪುರದಲ್ಲಿ ಇನ್ನೊಬ್ಬ ರೋಗಿಯ ಮನೆಗೆ ಹೋಗಿದ್ದೆ. ಮಧ್ಯಾಹ್ನ ಬಸ್ಸಿಳಿದು ಆಸ್ಪತ್ರೆಗೆ ಬಂದರೆ, ಭಟ್ಟರು ಹೋದ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಇಸಳೂರಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಗಳದಲ್ಲಿ ನಿಂತು, ಜನರನ್ನು ನೋಡಿ, ವಾಪಸು ಬಂದೆ. ಬರುವ ದಾರಿಯಲ್ಲೆಲ್ಲ ಬೈದುಕೊಂಡೆ. ಕಚೇರಿಯವರಿಗೆ, ಡಾಕ್ಟರಿಗೆ, ಆ ಬೇಕಾರ್ ಮಾತ್ರೆಗೆ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಭಟ್ಟರ ಹೆಂಡತಿ ಒಬ್ಬರೇ ಆಸ್ಪತ್ರೆಗೆ ಬಂದರು. ಎಂದೂ ಒಬ್ಬರೇ ಪೇಟೆಗೆ ಬಂದವರಲ್ಲ. ನನ್ನ ಮೇಜಿನ ಮುಂದೆ ಕೂತು, ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಇಟ್ಟರು. ಹಬ್ಬದ ಉಂಡೆ ಕಟ್ಟಿ ಇಡುವಂಥ ಡಬ್ಬಿ.

"ಉಳ್ದದ್ದು ತಂದುಕೊಡವು ಹೇಳಿದ್ಯಲೆ ತಂಗಿ, ತಂದಿದ್ದೆ."

ಮುಚ್ಚಳ ತೆಗೆದೆ. ಡಬ್ಬಿಯ ತುಂಬ ಮಾತ್ರೆಗಳು. ಮೊದಲ ದಿನ ಡಾಕ್ಟರು ಕೊಟ್ಟದ್ದು, ಆಮೇಲೆ ನಾನು ಜಗಳವಾಡಿ ಒಯ್ದದ್ದು, ಹೆಚ್ಚುಕಡಿಮೆ ಎಲ್ಲವೂ ಅಲ್ಲಿದ್ದವು. ಒದ್ದೆಯಾಗದಿರಲಿ ಎಂದು ಕೆಳಗೆ ಬಿಳಿ ಅರಿವೆ ಹಾಸಿದ್ದರು.

"ಇದೇನ್ರಿ ಇದು? ಕೊಟ್ಟೇ ಇಲ್ಲೇನು ಅವ್ರಿಗೆ?" ನನ್ನ ದನಿ ಹೊರಗಿನ ವರಾಂಡದವರೆಗೆ ಕೇಳಿರಬೇಕು.

"ಕೊಡದೇ ಎಂತ? ತೀರಾ ತಡ್ಕಂಬ್ಲೆ ಆಗದೇ ಹೋದಾಗ ಅರ್ಧರ್ಧ ಕೊಟ್ಟಿದ್ದೆ." ಅವರಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. "ನಮ್ಮನೆಯವ್ರೇ ಬೇಡ ಹೇಳ್ತಿದ್ದ. ಡಾಕ್ಟ್ರು ಹೇಳಿದ್ವಲೆ, ಇದಕ್ಕಿಂತ ದೊಡ್ಡ ಮದ್ದು ಇಲ್ಲೆ ಹೇಳಿ. ಈಗ್ಲೇ ಎಲ್ಲ ಖಾಲಿ ಮಾಡಿದ್ರೆ ಮುಂದೆ ಜೋರಾದಾಗ ಎಂತ ಮಾಡದು? ಇವತ್ತು ತಡ್ಕಂಬ್ಲಕ್ಕು, ಕಡೇ ಪಂಕ್ತಿಗೆ ಇರ್ಲಿ ಹೇಳ್ತಿದ್ದ. ದಿನಾ ಹಾಂಗೇ ಹೇಳ್ತಿದ್ದ."

"ಕಡೇ ದಿನ?"

"ಕಡೇ ದಿನ ನುಂಗ್ಲೆ ಆಜಿಲ್ಲೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಿ? ಶೀತಜ್ವರದ ಮಾತ್ರೆಯ ಹಾಗೆ ಯಾವ ಅಂಗಡಿಯಲ್ಲಾದರೂ ಸಿಗುವ ಮದ್ದಾಗಿದ್ದರೆ ಅದನ್ನು ಯಾರು ಎತ್ತಿಡುತ್ತಿದ್ದರು? ಬೀಗ, ಕಪಾಟು, ಸಹಿ ಎಂದು ನಮ್ಮನ್ನು ಕುಣಿಸಿ ಕುಣಿಸಿ, ಒಂದು ನೋವಿನ ಮಾತ್ರೆಯನ್ನು ಮದುವೆಮನೆಯ ಹೋಳಿಗೆ ಮಾಡಿಬಿಟ್ಟರಲ್ಲ. ಇಲ್ಲವೆಂದಾಗುವ ಭಯ ಒಮ್ಮೆ ಹೊಕ್ಕ ಮೇಲೆ ಆ ಅಡುಗೆಯವರು ಬೇರೇನು ಮಾಡಬೇಕಿತ್ತು? ಜೀವಮಾನವಿಡೀ ಯಾವುದನ್ನು ಪುಣ್ಯವೆಂದು ಮಾಡಿಕೊಂಡು ಬಂದರೋ ಅದನ್ನೇ ಮಾಡಿದರು. ತಮ್ಮ ಪಾಲನ್ನು ಬಾಳೆಎಲೆ ಮುಚ್ಚಿ ಮೂಲೆಯಲ್ಲಿಟ್ಟು, ಹಸಿದುಕೊಂಡು ಹೋದರು.

ಇದನ್ನೆಲ್ಲ ಕೂಗಿ ಹೇಳಬೇಕು ಅನ್ನಿಸಿತು. ನಿಮ್ಮಿಬ್ಬರಿಗೆ ಒಂದು ಊಟ ದಕ್ಕಬಹುದಿತ್ತಮ್ಮಾ, ಮಣೆ ಹಾಕಿ, ಪಕ್ಕದಲ್ಲಿ ಪಕ್ಕದಲ್ಲಿ ಕೂತು, ಎಂದು ಹೇಳಬೇಕು ಅನ್ನಿಸಿತು. ಎದುರಿಗೆ ಕೂತವರ ಮುಖ ನೋಡಿದೆ. ಗಂಡ ಒಪ್ಪಿಸಿ ಹೋದ ಕೆಲಸವನ್ನು ಸರಿಯಾಗಿ ಮುಗಿಸಿದ ಸಣ್ಣ ಹೆಮ್ಮೆ ಇತ್ತು ಅಲ್ಲಿ. ಅದರಾಚೆ ಅವರಿಗೆ ಉಳಿದದ್ದು ಹೆಚ್ಚೇನೂ ಇರಲಿಲ್ಲ.

"ಒಂದೂ ಹಾಳಾಗಲೆ ಕೊಡ್ಲಿಲ್ಲೆ" ಎಂದರು. "ಇನ್ಯಾರಿಗಾದ್ರೂ ಆಗ್ತಲೆ ತಂಗಿ? ಸಾಕಲ್ದಾ?"

ನಾನು ಡಬ್ಬಿಯ ಮುಚ್ಚಳ ಹಾಕಿದೆ.

"ಅಡ್ಡಿಲ್ಲೆ" ಎಂದೆ.